ಬಿಳಿಬಾಲದ ಗಂಡು ಜಿಂಕೆಗಳ ಕೊಂಬು ಚಳಿಗಾಲದಲ್ಲಿ ಉದುರುವುದೇಕೆ?

ಉತ್ತರ ಅಮೆರಿಕದ ಈ ಜಿಂಕೆಗಳ ಕೊಂಬು ಹೆಚ್ಚಾಗಿ ಜನವರಿಯಿಂದ ಮಾರ್ಚ್ ಒಳಗೆ ಉದುರುತ್ತದೆ. ಕಾರಣ, ಟೆಸ್ಟೋಸ್ಟೆರಾನ್ ಎಂಬ ಗಂಡು ಹಾರ್ಮೋನು ಇಳಿಯುವುದು.

ನವೆಂಬರ್ ಸುಮಾರಿಗೆ ಬೆದೆಗಾಲ. ಹೆಣ್ಣಿಗಾಗಿ ಕಾದಾಡಲು ಆಗ ಕೊಂಬು ಬೇಕು, ಹಾರ್ಮೋನೂ ಜಾಸ್ತಿ ಇರುತ್ತದೆ. ಅದು ಮುಗಿದು ಹಾರ್ಮೋನು ಕುಸಿದಾಗ, ಕೊಂಬು ತಲೆಬುರುಡೆಗೆ ಕೂಡುವ ಜಾಗದಲ್ಲಿ ಮೂಳೆ ಕರಗಿಸುವ ಜೀವಕೋಶಗಳು ಕೆಲಸ ಶುರುಮಾಡುತ್ತವೆ. ಹಿಡಿತ ಸಡಿಲವಾಗುತ್ತದೆ. ಒಂದು ದಿನ ಜಿಂಕೆ ಸುಮ್ನೆ ತಲೆ ಕೊಡವಿದರೂ ಸಾಕು, ಕೊಂಬು ಕಳಚಿ ಬೀಳುತ್ತದೆ. ಎರಡೂ ಒಟ್ಟಿಗೇ ಬೀಳಬೇಕೆಂದೇನಿಲ್ಲ. ಒಂಟಿ ಕೊಂಬಿನಲ್ಲಿ ಕೆಲವು ದಿನ ಓಡಾಡುವುದೂ ಉಂಟು, ನೋಡಲು ತಮಾಷೆ.

ಮೇವಿಲ್ಲದೆ ಸೊರಗಿದ ಅಥವಾ ಗಾಯಗೊಂಡ ಜಿಂಕೆಗಳದ್ದು ಬೇಗ ಉದುರುತ್ತದೆ. ಹಸುವಿನ ಕೊಂಬಿನಂತಲ್ಲ ಇದು, ಅಪ್ಪಟ ಮೂಳೆ. ಹಾಗಾಗಿ ಬಿದ್ದದ್ದನ್ನು ಇಲಿ, ಅಳಿಲುಗಳು ಕ್ಯಾಲ್ಸಿಯಂಗಾಗಿ ಕಡಿಯುತ್ತವೆ. ವಸಂತದಲ್ಲಿ ಹೊಸ ಕೊಂಬು ಮೊಳೆಯುತ್ತದೆ.