ಇಂಗ್ಲಿಷಿನ 'ಬಿ' ಕ್ರಿಯಾಪದಕ್ಕೆ ಕನ್ನಡದಲ್ಲಿ ಸರಿಯಾದ ಅರ್ಥ ಏನು? 'ಈಸ್' ಮತ್ತು 'ಈಸ್ ಬೀಯಿಂಗ್' ಎರಡೂ ಒಂದೇನಾ?

ಒಂದೇ ಅಲ್ಲ. ಎರಡೂ ಒಂದೇ ಅಂದುಕೊಂಡು ನಾನು ಒಬ್ಬ ಒಳ್ಳೆಯ ಸಹೋದ್ಯೋಗಿಯ ವಿಶ್ವಾಸ ಕಳೆದುಕೊಂಡಿದ್ದೇನೆ.

ನಾವಿಬ್ಬರೂ ಸೇರಿ ಒಂದು ವರದಿ ಮಾಡುತ್ತಿದ್ದೆವು. ಅವರ ಕೆಲಸ ಯಾವಾಗಲೂ ಅಚ್ಚುಕಟ್ಟು. ಆ ವಾರ ಮಾತ್ರ ಯಾಕೋ ಅಂಕಿಗಳನ್ನು ಸರಿಯಾಗಿ ನೋಡದೆ ಕಳಿಸುತ್ತಿದ್ದರು. ಕೆಲಸ ಯಾಕೆ ತಡ ಅಂತ ಮ್ಯಾನೇಜರ್ ಕೇಳಿದಾಗ ನಾನು ಮೇಲ್‌ನಲ್ಲಿ 'ಹಿ ಈಸ್ ಕೇರ್‌ಲೆಸ್' ಅಂತ ಬರೆದುಬಿಟ್ಟೆ. ನನ್ನ ಮನಸ್ಸಿನಲ್ಲಿ ಇದ್ದದ್ದು 'ಈ ಸಲ ಅಸಡ್ಡೆ ಮಾಡ್ತಿದ್ದಾರೆ' ಅಂತ. ಓದಿದವರಿಗೆ ಮುಟ್ಟಿದ್ದು 'ಆತ ಅಸಡ್ಡೆಯ ಮನುಷ್ಯ' ಅಂತ.

ಮೇಲ್ ಅವರಿಗೂ ತಲುಪಿತು. "ನಾನು ಅಂಥವನಾ?" ಅಂತಷ್ಟೇ ಕೇಳಿದರು. ಹಾಗಲ್ಲ ಅಂತ ಎಷ್ಟು ಹೇಳಿದರೂ ಬರೆದದ್ದು ಬರೆದದ್ದೇ ಅಲ್ವಾ? ಸ್ವಲ್ಪ ದಿನಕ್ಕೆ ಬೇರೆ ತಂಡಕ್ಕೆ ಹೋದರು.

ಇಂಗ್ಲಿಷಿನಲ್ಲಿ ಬರೀ 'ಈಸ್' ಹಾಕಿ ಗುಣದ ಮಾತು ಆಡಿದರೆ ಅದು ಸ್ವಭಾವ ಆಗುತ್ತದೆ. 'ಹಿ ಈಸ್ ಬೀಯಿಂಗ್ ಕೇರ್‌ಲೆಸ್' ಅಂದರೆ ಸದ್ಯದ ನಡವಳಿಕೆ. 'ಹಿ ವಾಸ್ ಕೇರ್‌ಲೆಸ್ ವಿತ್ ದಿಸ್ ರಿಪೋರ್ಟ್' ಅಂದಿದ್ದರೆ ಇನ್ನೂ ಒಳ್ಳೆಯದಿತ್ತು, ದೂರು ಆ ಒಂದು ವರದಿಗೆ ನಿಲ್ಲುತ್ತಿತ್ತು. ಆಮ್, ಈಸ್, ಆರ್, ವಾಸ್, ವರ್ ಪಟ್ಟಿ ನನಗೆ ಬಾಯಿಪಾಠ ಬರುತ್ತಿತ್ತು. ಆದರೆ ಆ ಪಟ್ಟಿಯಲ್ಲಿ ಕಾಲ ಇದೆ, ಯಾರು ಅನ್ನುವುದಿದೆ. ಹೇಳುತ್ತಿರುವುದು ಸ್ವಭಾವವೋ ಈಗಿನ ವರ್ತನೆಯೋ ಅನ್ನುವುದು ಅದರಲ್ಲಿ ಎಲ್ಲಿದೆ?

ಅದಕ್ಕೇ ಹೇಳುತ್ತೇನೆ, 'ಬಿ' ಗೆ ಒಂದು ಕನ್ನಡ ಅರ್ಥ ಹುಡುಕುವುದನ್ನೇ ಬಿಡಿ. 'ಬಿ ಅಂದರೆ ಇರು' ಅಂತ ಕಲಿಸುವುದು ಅರ್ಧ ಸತ್ಯ. 'ಅವರು ಡಾಕ್ಟರ್' ಅನ್ನುವಾಗ ನಾವು ಕ್ರಿಯಾಪದವನ್ನೇ ಹಾಕುವುದಿಲ್ಲ, ಇಂಗ್ಲಿಷಿಗೆ 'ಈಸ್' ಬೇಕೇ ಬೇಕು. 'ಅವರು ಮನೆಯಲ್ಲಿದ್ದಾರೆ' ಅಂದಾಗ ಮಾತ್ರ ಅದು ನಮ್ಮ 'ಇರು'. 'ಐ ವಾಂಟ್ ಟು ಬಿ ಅ ಡಾಕ್ಟರ್' ಅಂದರೆ ಡಾಕ್ಟರ್ 'ಆಗಬೇಕು', ಅಲ್ಲಿ 'ಇರು' ಕೆಲಸಕ್ಕೆ ಬರುವುದಿಲ್ಲ.

ನನಗೆ ಜಾಸ್ತಿ ಉಪಯೋಗ ಆಗಿದ್ದು ಇದು: ಬರೆಯುವ ಮುಂಚೆ ವಾಕ್ಯವನ್ನು ಕನ್ನಡದಲ್ಲಿ ನಿಷೇಧ ರೂಪಕ್ಕೆ ತಿರುಗಿಸಿ ಹೇಳಿ ನೋಡಿ. ಡಾಕ್ಟರ್ 'ಅಲ್ಲ'. ಮನೆಯಲ್ಲಿ 'ಇಲ್ಲ'. ಇಂಗ್ಲಿಷಿನಲ್ಲಿ ಎರಡಕ್ಕೂ 'ಈಸ್ ನಾಟ್', ನಮ್ಮಲ್ಲಿ ಬೇರೆ ಬೇರೆ. 'ಅಲ್ಲ' ಬಂದರೆ ನೀವು ಆ ವ್ಯಕ್ತಿ ಯಾರು, ಎಂಥವರು ಅಂತ ಹೇಳುತ್ತಿದ್ದೀರಿ. 'ಇಲ್ಲ' ಬಂದರೆ ಹೆಚ್ಚಾಗಿ ಇರುವಿಕೆ ಅಥವಾ ಸದ್ಯದ ಸ್ಥಿತಿ. 'ಅಸಡ್ಡೆಯವರಲ್ಲ', 'ಅಸಡ್ಡೆ ಮಾಡ್ತಿಲ್ಲ'. ನನ್ನ ಮೇಲ್ ಕಳಿಸುವ ಮುಂಚೆ ಇಷ್ಟು ನೋಡಿದ್ದರೆ ಸಾಕಿತ್ತು.

'ಬಿ'ಯ ರೂಪಗಳು ಒಂದಕ್ಕೊಂದು ಹೋಲುವುದಿಲ್ಲ ಅಂತ ಬೇಜಾರಾಗಬೇಡಿ. ಒಟ್ಟು 8 ರೂಪ, ಬಂದಿರುವುದು 3 ಹಳೆಯ ಧಾತುಗಳಿಂದ. 'ಈಸ್' ಸಂಸ್ಕೃತದ 'ಅಸ್ತಿ'ಯ ನೆಂಟ. 'ಬಿ', 'ಬೀನ್' ಗಳು 'ಭವತಿ'ಯ ಕಡೆಯವು. 'ವಾಸ್' ಗೂ ನಾವು ಬಳಸುವ 'ವಾಸ'ಕ್ಕೂ ಮೂಲ ಒಂದೇ. ಇದು ಗೊತ್ತಾದ ಮೇಲೆ ನನಗೆ ಇವು ನೆನಪಿನಲ್ಲಿ ಉಳಿದವು.

ಇನ್ನು 'ಬೀಯಿಂಗ್' ಕಲಿತ ಖುಷಿಗೆ ಎಲ್ಲ ಕಡೆ ಸುಮ್ನೆ ಹಾಕಬೇಡಿ. ಗುಣದ ಮಾತಿನ ಜೊತೆ ಅದು ಬರುವುದು ಮನುಷ್ಯ ಬೇಕೆಂದರೆ ಬದಲಿಸಿಕೊಳ್ಳಬಹುದಾದ ನಡವಳಿಕೆಗೆ ಮಾತ್ರ. 'ಹಿ ಈಸ್ ಬೀಯಿಂಗ್ ಟಾಲ್' ತಪ್ಪು, ಎತ್ತರ ನಡವಳಿಕೆಯಲ್ಲ. 'ಐ ಆಮ್ ಬೀಯಿಂಗ್ ಟಯರ್ಡ್' ಕೂಡ ತಪ್ಪು, ಸುಸ್ತು ನಾವು ಮಾಡುವ ಕೆಲಸವಲ್ಲ. ಹೊಗಳುವಾಗಲೂ ಜೋಪಾನ. 'ಶಿ ಈಸ್ ಬೀಯಿಂಗ್ ನೈಸ್' ವ್ಯಾಕರಣದಲ್ಲಿ ಸರಿ. ಆದರೆ 'ಈಗೇನೋ ಚೆನ್ನಾಗಿ ಮಾತಾಡ್ತಿದ್ದಾರೆ, ಯಾವಾಗಲೂ ಹೀಗಲ್ಲ' ಅನ್ನುವ ಧ್ವನಿ ಬಂದುಬಿಡಬಹುದು. ನಿಜವಾಗಿ ಒಳ್ಳೆಯವರ ಬಗ್ಗೆ ಬರೆಯುವಾಗ 'ಶಿ ಈಸ್ ನೈಸ್' ಅಂತಲೇ ಬರೆಯಿರಿ.