ಎಲ್ಲರೂ ಹೊಗಳುವ ‘ಇಂಟರ್‌ಸ್ಟೆಲ್ಲರ್’ ನನಗೆ ಬೋರಾಯಿತು. ನನಗೆ ಸಿನಿಮಾ ನೋಡಲು ಬರುವುದಿಲ್ಲವೇ?

ನಿಮ್ಮ ಪ್ರಶ್ನೆ ಓದಿದ ತಕ್ಷಣ ಅಪ್ಪ ನೆನಪಾದರು. ಫ್ರೆಂಡ್ಸ್ ಎಲ್ಲ ಅತ್ತರು, ನನಗೆ ಮಾತ್ರ ಅರ್ಧಕ್ಕೇ ನಿದ್ದೆ ಬಂತು, ತಪ್ಪು ನನ್ನದಾ ಅಂತ ಕೇಳಿದ್ದೀರಿ. ಖಂಡಿತ ಅಲ್ಲ. ಭೂಮಿಯಲ್ಲಿ ಬೆಳೆ ಕೈಕೊಡುತ್ತಾ ಬಂದಾಗ, ಮಕ್ಕಳನ್ನು ಬಿಟ್ಟು ಬದುಕಲಾಗುವ ಬೇರೆ ಗ್ರಹ ಹುಡುಕಲು ರಾಕೆಟ್‌ನಲ್ಲಿ ಹೊರಡುವ ಒಬ್ಬ ತಂದೆಯ ಕಥೆ ಅದು. ನಮ್ಮಪ್ಪನೂ ಅದೇ ಸಿನಿಮಾಗೆ ನಿದ್ದೆ ಮಾಡಿದರು. ಆದರೆ ಅವರಷ್ಟು ಚೆನ್ನಾಗಿ ಅದನ್ನು ನೋಡಿದವರನ್ನು ನಾನು ಕಂಡಿಲ್ಲ.

ನಮ್ಮದು ಕೋಲಾರ ಜಿಲ್ಲೆ, ಮುಳಬಾಗಿಲು ಕಡೆ ಒಂದು ಹಳ್ಳಿ. ಅಪ್ಪ ರಾಗಿ, ಟೊಮೆಟೊ ಬೆಳೆಯುತ್ತಾರೆ. ನಮ್ಮ ಕಡೆ ಬಹಳ ಜನ ಹಾಲಿವುಡ್ ಸಿನಿಮಾ ನೋಡುವುದು ತೆಲುಗು ಡಬ್ಬಿಂಗ್‌ನಲ್ಲಿ. ಅವತ್ತು ಟೀವಿಯಲ್ಲಿ ಹಾಕಿದ್ದು ಇಂಗ್ಲಿಷಿನದು. ಹಾಗಾಗಿ ನಾನು ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳುತ್ತಾ ಹೋದೆ.

ಶುರುವಿನಲ್ಲಿ ಕೆಲವು ವಯಸ್ಸಾದವರು ಕ್ಯಾಮೆರಾ ಮುಂದೆ ಕೂತು ಧೂಳಿನ ಕಥೆ ಹೇಳುತ್ತಾರೆ. ಊಟದ ತಟ್ಟೆಗಳನ್ನು ಬೋರಲು ಹಾಕಿಡುತ್ತಿದ್ದೆವು, ಅಷ್ಟು ಧೂಳು ಅಂತ. ಅಪ್ಪ ತಕ್ಷಣ ಅಂದರು, “ಇವರು ಆಕ್ಟರ್‌ಗಳಲ್ಲಮ್ಮ, ಅನುಭವಿಸಿದೋರು.” ಆಮೇಲೆ ಹುಡುಕಿ ನೋಡಿದೆ. ನಿಜ! 1930ರ ದಶಕದಲ್ಲಿ ಅಮೆರಿಕದ ಬಯಲು ಸೀಮೆಯಲ್ಲಿ ವರ್ಷಗಟ್ಟಲೆ ಬರ ಬಿದ್ದು, ಉತ್ತ ಹೊಲದ ಮಣ್ಣೇ ಗಾಳಿಗೆ ಎದ್ದು ಹೋಗಿತ್ತು. ಅದನ್ನು ಚಿಕ್ಕಂದಿನಲ್ಲಿ ಕಂಡವರ ಮಾತುಗಳವು. ಕೆನ್ ಬರ್ನ್ಸ್ ಅವರ ಸಾಕ್ಷ್ಯಚಿತ್ರದಿಂದ ನಿರ್ದೇಶಕ ನೋಲನ್ ತೆಗೆದುಕೊಂಡಿದ್ದಾರೆ. ಅವರ ನಡುವೆ ಒಬ್ಬರು ಮಾತ್ರ ನಟಿ.

ಆಮೇಲೆ ಬೆಂಡೆಕಾಯಿ ವಿಷಯ ಬರುತ್ತದೆ. ಇನ್ನು ಮುಂದೆ ಭೂಮಿ ಮೇಲೆ ಬೆಂಡೆ ಬೆಳೆಯೇ ಇಲ್ಲ, ಇದೇ ಕೊನೆ ಅಂತ ಒಂದು ಮಾತು. ರೋಗ ಬಂದ ಬೆಳೆಗೆ ಪಕ್ಕದ ರೈತ ಬೆಂಕಿ ಹಾಕುತ್ತಿದ್ದಾನೆ. ನಮ್ಮಲ್ಲಿ ಬಹಳ ಜನ ಈ ಮಾತನ್ನು ಕೇಳಿಸಿಕೊಂಡೇ ಇರುವುದಿಲ್ಲ. ಅಪ್ಪ ಟೀವಿ ನಿಲ್ಲಿಸು ಅಂದರು. “ಯಾವ ರೋಗ?” ಬ್ಲೈಟ್ ಅನ್ನುತ್ತಾರೆ, ಅಂದರೆ ಅಂಗಮಾರಿ ಅಂದೆ. ಅಷ್ಟು ಸಾಕಾಯಿತು. ಟೊಮೆಟೊಗೆ ಅಂಗಮಾರಿ ಬಂದು ತೋಟ ತೋಟವೇ ಸುಟ್ಟಂತೆ ಆದದ್ದನ್ನು ಅವರು ಎಷ್ಟು ಸಲ ನೋಡಿಲ್ಲ?

ನಾಯಕನ ಮಗನಿಗೆ ಕಾಲೇಜು ಬೇಡ, ಅವನು ಒಳ್ಳೆಯ ರೈತ ಆಗುತ್ತಾನೆ ಅಂತ ಶಾಲೆಯವರು ಹೇಳುವ ಸೀನ್ ಇದೆ. ನಮ್ಮೂರಲ್ಲಿ ಸಾಲ ಮಾಡಿಯಾದರೂ ಮಕ್ಕಳನ್ನು ಇಂಜಿನಿಯರಿಂಗ್‌ಗೆ ಸೇರಿಸುತ್ತಾರೆ. ಅಪ್ಪ ಬಹಳ ಹೊತ್ತು ಸುಮ್ಮನಿದ್ದರು. “ರೈತರು ಬೇಕು ಅನ್ನೋ ಮೇಷ್ಟ್ರನ್ನ ಇದೇ ಮೊದಲು ನೋಡ್ತಿರೋದು” ಅಂದರು.

ರಾಕೆಟ್ ಮೇಲೆ ಹೋಯಿತು. ಅಪ್ಪ ಮಲಗಿಬಿಟ್ಟರು. 169 ನಿಮಿಷದ ಸಿನಿಮಾದಲ್ಲಿ ಅವರಿಗೆ ಬೇಕಾದದ್ದು ಮುಕ್ಕಾಲು ಗಂಟೆಗೇ ಮುಗಿದಿತ್ತು.

ಫಿಸಿಕ್ಸ್ ಓದುವ ನನ್ನ ತಮ್ಮನಿಗೆ ಸಿನಿಮಾ ಶುರುವಾಗುವುದೇ ಅಲ್ಲಿಂದ. ಬೆಳಕನ್ನೂ ಹೊರಗೆ ಬಿಡದ ಕಪ್ಪು ಕುಳಿಯ (ಬ್ಲ್ಯಾಕ್ ಹೋಲ್) ಚಿತ್ರಕ್ಕೆ ಲೆಕ್ಕ ಹಾಕಿಕೊಟ್ಟಿದ್ದು ವಿಜ್ಞಾನಿ ಕಿಪ್ ಥಾರ್ನ್. ಅವರಿಗೆ 2017ರಲ್ಲಿ ನೊಬೆಲ್ ಕೂಡ ಬಂತು. ತಮ್ಮ ಇದನ್ನು ಎಲ್ಲರಿಗೂ ಹೇಳುತ್ತಾನೆ.

ನನಗೆ ಇವೆರಡೂ ಅಲ್ಲ. ಕಪ್ಪು ಕುಳಿಯ ಸೆಳೆತಕ್ಕೆ ಸಮಯ ನಿಧಾನವಾಗುವುದರಿಂದ, ಅದರ ಹತ್ತಿರದ ನೀರಿನ ಗ್ರಹದಲ್ಲಿ ಒಂದು ಗಂಟೆ ಅಂದರೆ ಭೂಮಿಯಲ್ಲಿ ಏಳು ವರ್ಷ. ಅಲ್ಲಿಂದ ವಾಪಸ್ ಬರುವಷ್ಟರಲ್ಲಿ 23 ವರ್ಷ ಕಳೆದಿರುತ್ತದೆ. ಮಕ್ಕಳು ಕಳಿಸಿದ ವಿಡಿಯೋಗಳನ್ನು ನಾಯಕ ಒಂದೊಂದಾಗಿ ನೋಡುತ್ತಾನೆ. ಮಾತೇ ಆಡುವುದಿಲ್ಲ. ಪಕ್ಕದಲ್ಲಿ ನಮ್ಮಪ್ಪ ಮಲಗಿದ್ದರು, ನಾನು ಅಳುತ್ತಿದ್ದೆ. ಆದರೆ ಪ್ರೀತಿಯೂ ಒಂದು ಶಕ್ತಿ ಅಂತ ಬಾಯಿಬಿಟ್ಟು ಹೇಳುವ ಸೀನ್, ಕೊನೆಯಲ್ಲಿ ಬರುವ ಪುಸ್ತಕದ ಕಪಾಟಿನ ಸೀನ್, ಇವನ್ನು ನನ್ನ ಮನಸ್ಸು ಒಪ್ಪಲಿಲ್ಲ. ಅಷ್ಟು ಹೊತ್ತು ಮಾತಿಲ್ಲದೆ ಮುಟ್ಟಿಸಿದ್ದನ್ನು ಮತ್ತೆ ಬಿಡಿಸಿ ಹೇಳುವುದು ಯಾಕೆ? ತಮ್ಮ ಇದಕ್ಕೆ ಇವತ್ತಿಗೂ ಜಗಳ ಆಡುತ್ತಾನೆ.

ಎಲ್ಲಿ ನೋಡಿದಿರಿ ಅನ್ನುವುದೂ ಮುಖ್ಯ. 2025ರ ಫೆಬ್ರವರಿಯಲ್ಲಿ ಇದು ಮತ್ತೆ ಬಿಡುಗಡೆ ಆದಾಗ ನನ್ನ ಜೊತೆ ಕೆಲಸ ಮಾಡುವವರೊಬ್ಬರು ಬೆಂಗಳೂರಿಗೆ ಹೋಗಿ ಐಮ್ಯಾಕ್ಸ್‌ನ ದೊಡ್ಡ ಪರದೆಯಲ್ಲಿ ನೋಡಿದರು. ಹಿನ್ನೆಲೆ ಸಂಗೀತದ ಆರ್ಗನ್ (ಚರ್ಚ್‌ಗಳಲ್ಲಿ ನುಡಿಸುವ ವಾದ್ಯ) ಸದ್ದಿಗೆ ಎದೆ ನಡುಗಿತು ಅಂದರು. ಮನೆಯಲ್ಲಿ ಅದೇ ಸದ್ದು ಡೈಲಾಗ್‌ಗಳನ್ನು ನುಂಗಿಹಾಕಿತ್ತು. ನಾನು ರಿಮೋಟ್ ಹಿಡಿದು ವಾಲ್ಯೂಮ್ ಏರಿಸುತ್ತಾ ಇಳಿಸುತ್ತಾ ಇದ್ದೆ. ಒಂದೇ ಸಿನಿಮಾ, ಅಲ್ವಾ?

ಅದಕ್ಕೇ ‘ಸೂಪರ್’, ‘ವೇಸ್ಟ್’, ಐದಕ್ಕೆ ಎಷ್ಟು ಸ್ಟಾರ್ ಅನ್ನುವುದನ್ನು ನಾನು ಈಗ ಕೇಳುವುದೇ ಇಲ್ಲ. ಯಾವ ಸೀನ್ ಮನಸ್ಸಲ್ಲಿ ಉಳಿಯಿತು ಅಂತ ಕೇಳುತ್ತೇನೆ. ಅತ್ತಿದ್ದ ನಿಮ್ಮ ಫ್ರೆಂಡ್ಸ್‌ನ ಅದನ್ನೇ ಕೇಳಿ ನೋಡಿ, ಒಬ್ಬೊಬ್ಬರದು ಒಂದೊಂದು ಬರುತ್ತದೆ. ಹಾಗೇ ನನಗೂ ಹೇಳಿ, ನಿಮಗೆ ನಿದ್ದೆ ಬಂದದ್ದು ರಾಕೆಟ್ ಹೋಗುವ ಮೊದಲಾ, ಆಮೇಲಾ?