ಸಂಪಾದಕರ ಉತ್ತರ: ‘ಇದು ಸಾಲವಲ್ಲ ಅಪ್ಪ’

ಮಾನ್ಯರೇ,

ಬಸವೇಶ್ವರನಗರದಿಂದ ನೀವು ಬರೆದ ನಾಲ್ಕು ಪುಟಗಳ ಪತ್ರ ತಲುಪಿದೆ. ಹೊರವರ್ತುಲ ರಸ್ತೆಯ ಕಂಪನಿಯೊಂದರಲ್ಲಿ ಕೆಲಸ ಮಾಡುವ ನಿಮ್ಮ 24 ವರ್ಷದ ಮಗಳು ಮೂರು ಆ್ಯಪ್‌ಗಳಲ್ಲಿ ಒಟ್ಟು 41,600 ರೂಪಾಯಿ ಬಾಕಿ ಉಳಿಸಿಕೊಂಡಿರುವುದನ್ನೂ, ಕೇಳಿದರೆ ‘ಇದು ಸಾಲವಲ್ಲ ಅಪ್ಪ, ಪೇ ಲೇಟರ್’ ಎಂದದ್ದನ್ನೂ, ಅವಳ ಮಂಚದ ಕೆಳಗೆ ಸೀಲು ಒಡೆಯದ ಎರಡು ಪೆಟ್ಟಿಗೆಗಳು ಸಿಕ್ಕಿದ್ದನ್ನೂ ವಿವರಿಸಿ, ಬಾಕಿಯನ್ನು ನಾನೇ ಕಟ್ಟಿಬಿಡಲೇ, ಸರ್ಕಾರ ಇದನ್ನು ಏಕೆ ನಿಷೇಧಿಸಬಾರದು ಎಂದು ಕೇಳಿದ್ದೀರಿ.

ಈಗ ಕೊಂಡು ಆಮೇಲೆ ಹಣ ಕಟ್ಟುವ ಈ ‘ಪೇ ಲೇಟರ್’ ಕೂಡ ಸಾಲವೇ. ಇಂಥ ಬಹಳಷ್ಟು ಆ್ಯಪ್‌ಗಳ ಹಿಂದೆ ಒಂದು ಬ್ಯಾಂಕೋ ಬ್ಯಾಂಕೇತರ ಹಣಕಾಸು ಸಂಸ್ಥೆಯೋ ಇರುತ್ತದೆ. ಕಂತು ತಪ್ಪಿದರೆ ಅದು ಜನರ ಸಾಲದ ಇತಿಹಾಸವನ್ನು ಇಡುವ ಸಿಬಿಲ್‌ನಂಥ ಸಂಸ್ಥೆಗಳ ದಾಖಲೆಗೆ ಸೇರಿ, ನಾಳೆ ಮನೆಸಾಲ ಕೇಳಲು ಹೋದಾಗ ಎದುರಾಗುತ್ತದೆ. ರಿಸರ್ವ್ ಬ್ಯಾಂಕ್ 2022ರಿಂದ ಡಿಜಿಟಲ್ ಸಾಲಕ್ಕೆ ಹಾಕಿರುವ ಕಟ್ಟುಪಾಡುಗಳಲ್ಲಿ, ವಾರ್ಷಿಕ ದರವನ್ನು ಮೊದಲೇ ಲಿಖಿತವಾಗಿ ತಿಳಿಸಬೇಕು, ಸಾಲಗಾರರು ಒಪ್ಪದೆ ಮಿತಿಯನ್ನು ತಾನಾಗಿ ಏರಿಸಬಾರದು, ಫೋನಿನ ಸಂಪರ್ಕಪಟ್ಟಿಗೆ ಕೈಹಾಕಬಾರದು ಎಂಬ ಮಾತುಗಳಿವೆ. ಆದ್ದರಿಂದ ಕಾನೂನೇ ಇಲ್ಲವೆಂಬ ನಿಮ್ಮ ಕೋಪಕ್ಕೆ ಪೂರ್ತಿ ಆಧಾರವಿಲ್ಲ. ನಿಷೇಧದ ಬೇಡಿಕೆಯನ್ನು ನಾನು ಒಪ್ಪುವುದೂ ಇಲ್ಲ.

ಈಗಿನವರಿಗೆ ಹಣದ ಬೆಲೆ ಗೊತ್ತಿಲ್ಲ ಎಂದು ಬರೆದಿದ್ದೀರಿ. ನಮಗೆ ಗೊತ್ತಿತ್ತೇ? ಮೊದಲ ನೌಕರಿಯ ದಿನಗಳಲ್ಲಿ ಮಲ್ಲೇಶ್ವರದ ಕಿರಾಣಿ ಅಂಗಡಿಯೊಂದರಲ್ಲಿ ನನ್ನದೂ ಉದ್ದರಿ ಲೆಕ್ಕವಿತ್ತು. ಆ ಶೆಟ್ಟರು ಪ್ರತಿ ಸಲವೂ ಉದ್ದನೆಯ ಪುಸ್ತಕವನ್ನು ನನ್ನ ಕಡೆಗೆ ತಿರುಗಿಸಿ, ‘ಒಂದ್ಸಲ ನೀವೇ ಓದಿಬಿಡಿ ಸ್ವಾಮಿ’ ಎನ್ನುತ್ತಿದ್ದರು. ಹಿಂದೆ ನಿಂತವರ ಕಿವಿಗೆ ಬೀಳುವಂತೆ ನನ್ನ ಬಾಕಿಯನ್ನು ನಾನೇ ಓದಬೇಕಿತ್ತು. ಎಷ್ಟೋ ಸಲ ಬಿಸ್ಕತ್ತಿನ ಪೊಟ್ಟಣ ಅಲ್ಲಿಂದಲೇ ಡಬ್ಬಕ್ಕೆ ಮರಳಿದ್ದುಂಟು. ನಿಮ್ಮ ಮಗಳಿಗೆ ಇಲ್ಲದಿರುವುದು ಈ ಮುಜುಗರ, ಬುದ್ಧಿಯಲ್ಲ. ರಾತ್ರಿ ಹನ್ನೊಂದಕ್ಕೆ ಹಾಸಿಗೆಯಲ್ಲಿ ಮಲಗಿ ಒತ್ತುವ ಗುಂಡಿಯ ಪಕ್ಕದಲ್ಲಿ ‘ಎರಡೇ ಉಳಿದಿವೆ’ ಎಂಬ ಸಾಲು ಇರುತ್ತದೆಯೇ ಹೊರತು ಹಳೆಯ ಬಾಕಿಯ ಮೊತ್ತ ಕಣ್ಣಿಗೆ ಹೊಡೆಯುವುದಿಲ್ಲ. ಇಂಥ ಸುಳ್ಳು ಅವಸರವನ್ನು ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ಮಾರ್ಗಸೂಚಿಯಲ್ಲಿ ನಿಷೇಧಿತ ತಂತ್ರಗಳ ಪಟ್ಟಿಗೆ ಸೇರಿಸಿದೆ. ನಿಜವಾಗಿ ಎರಡೇ ಉಳಿದಿದ್ದವೋ ಇಲ್ಲವೋ, ಕೊಳ್ಳುವವರು ಎಣಿಸಿ ನೋಡುವುದೆಂತು?

‘ಬಡ್ಡಿಯಿಲ್ಲ’ ಎಂಬ ಅವಳ ಇನ್ನೊಂದು ಮಾತನ್ನು ನೀವು ಕಳುಹಿಸಿದ ಚೀಟಿಯ ಲೆಕ್ಕದಲ್ಲೇ ನೋಡೋಣ. 3,000 ರೂಪಾಯಿಯ ಬಾಕಿ, ಹತ್ತು ದಿನ ತಡ, 300 ರೂಪಾಯಿ ದಂಡ. ಹತ್ತು ದಿನಕ್ಕೆ ನೂರಕ್ಕೆ ಹತ್ತು. ವರ್ಷಕ್ಕೆ ಹಿಡಿದರೆ ನೂರಕ್ಕೆ 365. ಮಾರುಕಟ್ಟೆಯ ಬೀದಿಬದಿ ವ್ಯಾಪಾರಿ ಇದನ್ನೇ ಮೀಟರ್ ಬಡ್ಡಿ ಎನ್ನುತ್ತಾನೆ. ಖಾತೆಯಲ್ಲಿ ಹಣವಿಲ್ಲದೆ ಕಂತಿನ ಆಟೋ ಡೆಬಿಟ್ ವಿಫಲವಾದರೆ ಬ್ಯಾಂಕು ಹಾಕುವ ಶುಲ್ಕ ಬೇರೆ.

ನೀವೇ ಕಟ್ಟುವ ಮಾತಿಗೆ ಬರುತ್ತೇನೆ. ದಯವಿಟ್ಟು ಹಾಗೆ ಮಾಡಬೇಡಿ, ಮಾಡಿದರೂ ಮೊದಲು ಮಾಡಬೇಡಿ. ಬಾಕಿ ತೀರಿದೊಡನೆ ಸಾಲದ ಮಿತಿ ಮತ್ತೆ ತೆರೆದುಕೊಳ್ಳುತ್ತದೆ. ನಿಮ್ಮ ಪಿಂಚಣಿ ಹೋಗಿ, ಆ್ಯಪ್ ಮಾತ್ರ ಹೊಸದಾಗಿ ನಿಲ್ಲುತ್ತದೆ. ಭಾನುವಾರ ಅವಳ ಜೊತೆ ಕುಳಿತು, ಅವಳ ಕೈಯಿಂದಲೇ ಒಂದು ಹಾಳೆಯಲ್ಲಿ ಪ್ರತಿ ಬಾಕಿಯ ಮೊತ್ತ, ಗಡುವು, ದಂಡ, ಸಾಲ ಕೊಟ್ಟ ಸಂಸ್ಥೆಯ ಹೆಸರು ಬರೆಸಿ. ಬರೆಯುವಾಗ ನೀವು ಬಾಯಿ ತೆರೆಯದಿದ್ದರೆ ಒಳ್ಳೆಯದು. ಒಂದೊಂದೇ ತೀರಿದಂತೆ ಆ ಖಾತೆಯನ್ನು ಮುಚ್ಚಿಸಿ, ಮುಚ್ಚಿದ್ದಕ್ಕೆ ಲಿಖಿತ ಪತ್ರ ಪಡೆಯಲಿ. ಆ್ಯಪನ್ನು ಅಳಿಸಿದ ಮಾತ್ರಕ್ಕೆ ಸಾಲ ಮುಚ್ಚುವುದಿಲ್ಲ. ಸಿಬಿಲ್‌ನಂಥ ಸಂಸ್ಥೆಗಳಿಂದ ವರ್ಷಕ್ಕೊಮ್ಮೆ ಉಚಿತವಾಗಿ ಸಿಗುವ ಕ್ರೆಡಿಟ್ ವರದಿಯಲ್ಲಿ ಅದನ್ನು ತಾಳೆ ನೋಡಬಹುದು. ವಸೂಲಿಯವರು ಬೆಳಿಗ್ಗೆ ಎಂಟಕ್ಕೆ ಮುಂಚೆ ಅಥವಾ ಸಂಜೆ ಏಳರ ನಂತರ ಕರೆ ಮಾಡಿದರೆ ಸಾಲ ಕೊಟ್ಟ ಸಂಸ್ಥೆಗೆ ದೂರು ಕೊಡಲಿ. 30 ದಿನಗಳಲ್ಲಿ ಪರಿಹಾರ ಸಿಗದಿದ್ದರೆ ಇಂಥ ದೂರುಗಳನ್ನು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ.

ಮಂಚದ ಕೆಳಗಿನ ಆ ಎರಡು ಪೆಟ್ಟಿಗೆಗಳನ್ನು ಹಿಂದಿರುಗಿಸುವ ಅವಧಿ ಮುಗಿದಿದೆಯೇ ಎಂದು ಇವತ್ತೇ ನೋಡಿ. ಮುಗಿದಿಲ್ಲವಾದರೆ ಕಳುಹಿಸಿಬಿಡಲಿ. ಆದರೆ ಆ ಹಣ ಬಾಕಿಗೆ ಜಮೆಯಾಗುವ ಮೊದಲೇ ಕಂತಿನ ಗಡುವು ಬಂದರೆ ದಂಡ ಬೀಳಬಹುದಾದ್ದರಿಂದ, ಆ ಹಾಳೆಯಲ್ಲಿ ಅವೆರಡರ ಮುಂದೆ ತಾರೀಖನ್ನು ದಪ್ಪವಾಗಿ ಬರೆದಿಟ್ಟಿರಲಿ.

ಸಂಪಾದಕ